ಅಡುಗೆಮನೆಯ ಹೊಸ್ತಿಲಲ್ಲಿ ಸಿಕ್ಕಿಬಿದ್ದ ಕೊಲೆಗಾರ

ನಾನು ಬರೆದ ಪತ್ತೇದಾರಿ ಕಾದಂಬರಿಗಳಲ್ಲಿ ಕೊಲೆಗಳೆಲ್ಲ ನಾಟಕ ಕಂಪನಿಗಳಲ್ಲೇ ಆಗುತ್ತವೆ. ಒಬ್ಬ ಬಣ್ಣದ ಕೋಣೆಯಲ್ಲಿ ಕನ್ನಡಿಯ ಮುಂದೆ ಕುಳಿತಲ್ಲೇ ಸತ್ತಿರುತ್ತಾನೆ, ಇನ್ನೊಬ್ಬಳು ಪರದೆ ಏಳುವ ಮೊದಲೇ ರಂಗದ ನಡುವೆ ಬಿದ್ದಿರುತ್ತಾಳೆ. ಕಳೆದ ತಿಂಗಳು ಶಿಗ್ಗಾಂವಿಯಿಂದ ಓದುಗಿಯೊಬ್ಬಳು ಫೋನು ಮಾಡಿ ಬಹಳ ಸಂಕೋಚದಿಂದ ಕೇಳಿದಳು:

"ನಿಮ್ಮ ಪುಸ್ತಕ ಎಲ್ಲಾ ಓದೇನ್ರಿ ಮೇಡಂ. ಒಂದ ಮಾತು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಬ್ಯಾಂಕಿನ್ಯಾಗ, ದವಾಖಾನ್ಯಾಗ ಯಾರೂ ಸಾಯೂದ ಇಲ್ಲೇನ್ರಿ ನಿಮ್ಮ ಕಥಿಯೊಳಗ?"

ನಾನು ನಕ್ಕು, ನನಗೆ ಬ್ಯಾಂಕು ಅಷ್ಟಾಗಿ ಗೊತ್ತಿಲ್ಲವೆಂದು ಹೇಳಿ ಪಾರಾದೆ. ನಿಜ ಹೇಳಬೇಕೆಂದರೆ ನನಗೆ ನಾಟಕ ಕಂಪನಿಯೂ ಒಳಗಿನಿಂದ ಗೊತ್ತಿಲ್ಲ. ನನಗೆ ಗೊತ್ತಿರುವುದು ಹಾನಗಲ್ಲಿನ ಒಂದು ಮನೆ, ಆ ಮನೆಯ ಅಡುಗೆಮನೆ, ಅದರ ಹೊಸ್ತಿಲ ಮೇಲೆ ಕುಳಿತು ಓದಿದ ಒಂದು ಪುಸ್ತಕ. ಆ ಉತ್ತರ ಫೋನಿನಲ್ಲಿ ಹೇಳುವಷ್ಟು ಚಿಕ್ಕದಲ್ಲ.

ನಮ್ಮ ಮನೆ ಪೇಟೆಯಿಂದ ಕೆರೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ಮುಂದೆ ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಪಡಸಾಲೆಯ ಎಡಕ್ಕೆ ಓಣಿಗೆ ಬಾಗಿಲಿದ್ದ ಒಂದು ಕೋಣೆ. ಸುಗ್ಗಿಯಲ್ಲಿ ಆ ಕೋಣೆಯ ತುಂಬ ಭತ್ತದ ಚೀಲಗಳಿರುತ್ತಿದ್ದವು, ಉಳಿದ ದಿನ ಖಾಲಿ. ಪಡಸಾಲೆ ದಾಟಿದರೆ ದೇವರಮನೆ, ಅದರಾಚೆ ಅಡುಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲು ಮಧ್ಯಾಹ್ನಕ್ಕೆ ಸರಿಯಾಗಿ ಒಲೆಯ ಮುಂದೆ, ಅವ್ವ ರೊಟ್ಟಿ ಬಡಿಯುವ ಕಲ್ಲಿನ ಹತ್ತಿರ ಬಂದು ನಿಲ್ಲುತ್ತಿತ್ತು. ಆ ಬಿಸಿಲಿನಲ್ಲಿ ಜೋಳದ ಹಿಟ್ಟು ಹಾರಾಡುವುದನ್ನು ನೋಡುತ್ತ ನಾನು ಮತ್ತು ನನ್ನ ತಮ್ಮ ಬಸು ತಾಟು ಹಿಡಿದು ಕೂರುತ್ತಿದ್ದೆವು. ಮೊದಲ ರೊಟ್ಟಿ ಯಾರಿಗೆಂಬ ಜಗಳ ದಿನವೂ ಇತ್ತು, ದಿನವೂ ಅದನ್ನು ಬಸುವೇ ಗೆಲ್ಲುತ್ತಿದ್ದ. ಒಂದು ಮಳೆಗಾಲ ಅವನಿಗೆ ಜ್ವರ ಬಂತು. ಅಪ್ಪ ಅವನನ್ನು ಎತ್ತಿಕೊಂಡು ಹುಬ್ಬಳ್ಳಿಯವರೆಗೂ ಹೋಗಿ ಬಂದರು. ಬಸು ಉಳಿಯಲಿಲ್ಲ. ಮರುದಿನದಿಂದ ಮೊದಲ ರೊಟ್ಟಿ ಕೇಳದೆಯೇ ನನ್ನ ತಾಟಿಗೆ ಬಂತು. ನನಗೆ ಅದು ಬಾಯಲ್ಲಿ ತಿರುಗುತ್ತಿರಲಿಲ್ಲ.

ಅವ್ವ ಅಳಲಿಲ್ಲ. ಮಣ್ಣು ಮಾಡಿ ಗಂಡಸರು ತಿರುಗಿ ಬಂದಾಗಲೂ ಅಳಲಿಲ್ಲ, ಅವಳ ತವರು ಹಂಸಭಾವಿಯಿಂದ ಬಂದ ಹೆಣ್ಣುಮಕ್ಕಳು ಕೊರಳಿಗೆ ಬಿದ್ದು ಅತ್ತಾಗಲೂ ಅಳಲಿಲ್ಲ. ಆಮೇಲೆ ಮಾತನ್ನೂ ನಿಲ್ಲಿಸಿಬಿಟ್ಟಳು. ನಸುಕಿನಲ್ಲಿ ಎದ್ದು ಕಸ ಹೊಡೆಯುತ್ತಿದ್ದಳು, ನೀರು ತರುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ನನ್ನ ಹೆರಳು ಹಾಕುತ್ತಿದ್ದಳು. ಕೇಳಿದ್ದಕ್ಕೆ ತಲೆ ಆಡಿಸುತ್ತಿದ್ದಳು, ಅಷ್ಟೆ. ಅಪ್ಪ ಸಂಜೆ ಹೊಲದಿಂದ ಬರುವಾಗ ಪೇಟೆಯಲ್ಲಿ ಮಲ್ಲಿಗೆ ಕೊಂಡು ತರುತ್ತಿದ್ದರು. ಊಟಕ್ಕೆ ಕುಳಿತು, ಪಲ್ಯದಲ್ಲಿ ಉಪ್ಪು ಹಾಕಿದ್ದೀಯೇನು ಎಂದು ಸುಮ್ಮಸುಮ್ಮನೆ ಕೇಳುತ್ತಿದ್ದರು. ಅವ್ವ ಉಪ್ಪಿನ ಡಬ್ಬಿ ತಂದು ಅವರ ಮುಂದೆ ಇಡುತ್ತಿದ್ದಳು. ಅಪ್ಪ ಬೇಡದ ಉಪ್ಪನ್ನು ಪಲ್ಯಕ್ಕೆ ಹಾಕಿಕೊಂಡು ಉಣ್ಣುತ್ತಿದ್ದರು. ಓಣಿಯ ಹೆಂಗಸರು ಬಾವಿಕಟ್ಟೆಯಲ್ಲಿ ಏನೇನೋ ಆಡಿಕೊಳ್ಳುತ್ತಿದ್ದರು. ಅದಕ್ಕಿಂತ ನೋವಾಗಿದ್ದು ನಮ್ಮ ಅಜ್ಜಿ, ಅಪ್ಪನ ತಾಯಿ, ಪಡಸಾಲೆಯಲ್ಲಿ ನೆರೆಯವರ ಮುಂದೆ ಆಡಿದ ಮಾತು:

"ಹಡದಾಕಿ ಆಗಿ ಒಂದ ಹನಿ ಕಣ್ಣೀರು ಹಾಕಲಿಲ್ಲವಾ. ಎಂಥಾ ಕರಳು ಇದ್ದೀತು ಅಕೀದು."

ಅಡುಗೆಮನೆಗೆ ಅದು ಕೇಳಿಸಿತು. ನಾನು ಅಲ್ಲೇ ಇದ್ದೆ. ಅವ್ವ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

ಅಜ್ಜಿ ಕೆಟ್ಟವಳಾಗಿರಲಿಲ್ಲ. ಮೊಮ್ಮಗನನ್ನು ಕಳೆದುಕೊಂಡ ಸಂಕಟಕ್ಕೆ ಅವಳಿಗೆ ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು, ಹತ್ತಿರದಲ್ಲಿ ಸೊಸೆ ಇದ್ದಳು. ಈಗ ಅವಳ ವಯಸ್ಸಿಗೆ ಬಂದಿರುವ ನನಗೆ ಅದು ಅರ್ಥವಾಗುತ್ತದೆ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಅಜ್ಜಿಯ ಹಾಸಿಗೆಯಲ್ಲಿ ಮಲಗುವುದನ್ನು ಬಿಟ್ಟು ಅವ್ವನ ಪಕ್ಕ ಮಲಗತೊಡಗಿದೆ.

ಮುಂದಿನ ಬೇಸಿಗೆಯಲ್ಲಿ ಊರಿಗೆ ನಾಟಕ ಕಂಪನಿ ಬಂತು. ಸವಣೂರಿನ ಕ್ಯಾಂಪು ಮುಗಿಸಿ ಬಂದಿದ್ದರು. ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ತಗಡಿನ ಥೇಟರು ಎದ್ದಿತು. ಕಂಪನಿಯವರು ಓಣಿ ಓಣಿ ತಿರುಗಿ ಬಾಡಿಗೆಗೆ ಕೋಣೆ ಕೇಳುತ್ತಿದ್ದರು. ನಮ್ಮ ಕಟ್ಟೆಗೆ ಬಂದವಳು ಎತ್ತರದ, ಅಗಲ ಮುಖದ ಒಬ್ಬ ಹೆಂಗಸು. ನಲವತ್ತು ದಾಟಿರಬೇಕು. ಸವಣೂರಿನ ವೀಳ್ಯದೆಲೆ ಹಾಕಿ ತುಟಿ ಕೆಂಪಾಗಿತ್ತು. ಜೊತೆಗೆ ಒಂದು ಟ್ರಂಕು. ಅಜ್ಜಿ ಕಟ್ಟೆಯ ಮೇಲೆ ಕುಳಿತೇ, ನಾಟಕದವರಿಗೆ ಕೊಡುವುದಿಲ್ಲ ಎಂದಳು. ಅಪ್ಪ, ಕೋಣೆ ಖಾಲಿ ಇದೆಯಲ್ಲ ಎಂದರು.

"ಖಾಲಿ ಇದ್ರ ಖಾಲಿ ಇರ್ಲಿ. ಬಣ್ಣಾ ಹಚ್ಚೋರು ಮನಿಯಾಗ ಬ್ಯಾಡ. ನಾ ಇರೂತನಕ ಬ್ಯಾಡ."

"ಅವ್ವಾ, ಅಕೀನೂ ಒಬ್ಬಾಕಿ ಹೆಣ್ಣಮಗಳು."

"ನನಗ ಹೇಳಾಕ ಬರಬ್ಯಾಡ."

ಇಬ್ಬರ ದನಿ ಏರಿತು. ಆ ಹೆಂಗಸು ಸಿಟ್ಟೂ ಮಾಡದೆ, ದೈನ್ಯವೂ ತೋರದೆ ನೆರಳಿನಲ್ಲಿ ನಿಂತಿದ್ದಳು. ಅಷ್ಟರಲ್ಲಿ ಕೋಣೆಯ ಬಾಗಿಲು ಒಳಗಿನಿಂದ ತೆರೆಯಿತು. ನೋಡಿದರೆ ಅವ್ವ. ಯಾವಾಗ ಹೋಗಿದ್ದಳೋ, ಒಳಗೆಲ್ಲ ಕಸ ಹೊಡೆದಿದ್ದಳು, ಮೂಲೆಯಲ್ಲಿ ಒಂದು ಕೊಡ ನೀರು ಇಟ್ಟಿದ್ದಳು. ಬಾಗಿಲನ್ನು ಗೋಡೆಗೆ ಒತ್ತಿ, ಕಸಬರಿಗೆ ಹಿಡಿದುಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಅಜ್ಜಿ ಬಾಯಿ ಮುಚ್ಚಿದಳು. ಬಸು ಹೋದ ಮೇಲೆ ಅವ್ವ ಅಂಥದೊಂದು ಆಸೆ ತೋರಿಸಿದ್ದು ಅದೇ ಮೊದಲು. ಅದನ್ನು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಅವಳ ಹೆಸರು ಚಂದ್ರವ್ವ, ನಾವೆಲ್ಲ ಚಂದ್ರಕ್ಕ ಎನ್ನುತ್ತಿದ್ದೆವು. ಕಂಪನಿಯಲ್ಲಿ ಅವಳದು ಕೆಟ್ಟ ಅತ್ತೆಯ ಪಾತ್ರ, ಮಲತಾಯಿಯ ಪಾತ್ರ. ನಾಟಕ ನೋಡಿ ಬಂದ ಜನ ಮರುದಿನ ಪೇಟೆಯಲ್ಲಿ ಅವಳನ್ನು ಕಂಡರೆ ದಾರಿ ಬಿಟ್ಟು ನಡೆಯುತ್ತಿದ್ದರು. ಮನೆಯಲ್ಲಿ ಅವಳಷ್ಟು ಮೆತ್ತಗಿನ ಮನುಷ್ಯಳಿರಲಿಲ್ಲ. ಬಿಸಿಲೇರಿದ ಮೇಲೆ ಎದ್ದು, ಹಿತ್ತಿಲಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು, ಮಧ್ಯಾಹ್ನಕ್ಕೆ ಅಡುಗೆಮನೆಯ ಬಾಗಿಲಿಗೆ ಬಂದು ಕೂರುತ್ತಿದ್ದಳು. ಅವ್ವ ಮಾತಾಡುವುದಿಲ್ಲವೆಂದು ಅವಳಿಗೆ ಮೊದಲ ದಿನವೇ ತಿಳಿಯಿತು. ಏಕೆಂದು ಕೇಳಲಿಲ್ಲ. ಮಾತಾಡಿಸುವ ಹಟವನ್ನೂ ಮಾಡಲಿಲ್ಲ. ಒಂದು ದಿನ ತನ್ನ ಟ್ರಂಕಿನಿಂದ ಒಂದು ಪುಸ್ತಕ ತಂದು ನನ್ನ ಕೈಗೆ ಕೊಟ್ಟಳು.

"ನನಗ ಓದಾಕ ಬರೂದಿಲ್ಲವಾ ಗಂಗಾ. ಪಾತ್ರ ಎಲ್ಲಾ ಕಿವೀಲೆ ಕೇಳೇ ಕಲ್ತೇನಿ. ಆದ್ರ ಈ ಪತ್ತೇದಾರಿ ಅಂದ್ರ ಜೀವ. ಹೋದ ಊರಾಗೆಲ್ಲಾ ಒಬ್ಬರು ಓದೋರು ಸಿಗ್ತಾರ. ಈ ಊರಾಗ ನೀ ಸಿಕ್ಕಿ."

ಪುಸ್ತಕದ ರಟ್ಟು ಕಿತ್ತುಹೋಗಿತ್ತು. ಹೆಸರು, ಬರೆದವರು ಯಾರು, ಒಂದೂ ನನಗೆ ಇಂದಿಗೂ ತಿಳಿಯದು. ಕಥೆ ಮಾತ್ರ ಕಣ್ಣಿಗೆ ಕಟ್ಟಿದೆ. ಒಂದು ನಾಟಕ ಕಂಪನಿ. ಅದರಲ್ಲಿ ರಾಣಿಯ ಪಾತ್ರ ಮಾಡುವ ಹರೆಯದ ನಟಿ. ಮದುವೆಯ ದೃಶ್ಯದಲ್ಲಿ ಬೆಳ್ಳಿಯ ಬಟ್ಟಲಿನ ಹಾಲು ಕುಡಿದವಳು ಎಲ್ಲರೆದುರು ರಂಗದ ಮೇಲೇ ಸಾಯುತ್ತಾಳೆ. ಹಾಲಿನಲ್ಲಿ ವಿಷ. ಪಟ್ಟಣದಿಂದ ಪತ್ತೇದಾರ ಬರುತ್ತಾನೆ. ಅವನ ಸಂಶಯ ಹಾರ್ಮೋನಿಯಂ ಪೇಟಿ ಬಾರಿಸುವ ಮಾಸ್ತರನ ಮೇಲೆ, ಕಂಪನಿಯ ಮಾಲೀಕನ ಮೇಲೆ, ಮತ್ತೆ ಸತ್ತವಳ ತಾಯಿಯ ಮೇಲೆ. ತಾಯಿಯೂ ಹಿಂದೆ ನಟಿಯಾಗಿದ್ದವಳು. ಮಗಳಿಗೆ ದಿನಾ ಹಾಲು ಕೊಡುತ್ತಿದ್ದವಳು ಅವಳೇ. ಹೆಣದ ಮುಂದೆ ಅವಳು ಅಳಲಿಲ್ಲ ಎಂಬುದನ್ನು ಪತ್ತೇದಾರ ಮೊದಲ ದಿನವೇ ಗಮನಿಸಿರುತ್ತಾನೆ.

ದಿನವೂ ಮಧ್ಯಾಹ್ನ ಓದು. ನಾನು ಹೊಸ್ತಿಲ ಮೇಲೆ, ಚಂದ್ರಕ್ಕ ಗೋಡೆಗೆ ಆತು ನನ್ನ ಪಕ್ಕ, ಅವ್ವ ಒಲೆಯ ಮುಂದೆ ನಮಗೆ ಬೆನ್ನು ಮಾಡಿ. ಒಂದು ಅಧ್ಯಾಯವಾದರೆ ಚಂದ್ರಕ್ಕ ಪುಸ್ತಕ ಕಸಿದು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದಳು, ನಾನು ಮುಂದಿನದನ್ನು ಕದ್ದು ಓದಬಾರದೆಂದು. ಆಮೇಲೆ ಓದಿದ ಭಾಗವನ್ನು ಮಾಡಿ ತೋರಿಸುತ್ತಿದ್ದಳು. ಸೆರಗನ್ನು ಹೆಗಲಿಗೆ ಎಸೆದರೆ ಮಾಲೀಕ, ಕುತ್ತಿಗೆ ಓರೆ ಮಾಡಿದರೆ ಪೇಟಿ ಮಾಸ್ತರ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವ್ವನ ಬೆನ್ನು ಅಲ್ಲಾಡುತ್ತಿರಲಿಲ್ಲ. ಕೆಲವು ದಿನಕ್ಕೆ ಅಜ್ಜಿ ಅಕ್ಕಿ ಆರಿಸುವ ಮೊರವನ್ನು ಪಡಸಾಲೆಯಿಂದ ದೇವರಮನೆಯ ಬಾಗಿಲಿಗೆ ತಂದುಕೊಂಡಳು. ಅಲ್ಲಿಗೆ ನಮ್ಮ ಓದು ಚೆನ್ನಾಗಿ ಕೇಳುತ್ತಿತ್ತು. ಕೇಳುತ್ತಿಲ್ಲವೆಂಬಂತೆ ಕೂತಿದ್ದವಳು ಒಂದು ದಿನ ತಡೆಯಲಾರದೆ ಬಾಯಿ ಬಿಟ್ಟಳು:

"ಆ ಪೇಟಿ ಬಾರಸಾಂವನ. ಅವನ ಕಣ್ಣು ಚಲೋ ಇಲ್ಲ."

"ಕಣ್ಣು ನೀವ ಯಾವಾಗ ನೋಡಿದ್ರಿ ಅಮ್ಮಾರ?" ಎಂದಳು ಚಂದ್ರಕ್ಕ.

"ನೀ ಮಾಡಿ ತೋರಿಸಿದಿಯಲ್ಲ."

ಅಂದಿನಿಂದ ಅವರಿಬ್ಬರಿಗೂ ನಿತ್ಯ ವಾದ. ಚಂದ್ರಕ್ಕ ಮಾಲೀಕನೇ ಎನ್ನುವಳು, ಅಜ್ಜಿ ಪೇಟಿ ಮಾಸ್ತರನೇ ಎನ್ನುವಳು. ನಾಟಕದವಳಿಗೆ ಮನೆಯಲ್ಲಿ ಜಾಗ ಬೇಡವೆಂದಿದ್ದ ಅಜ್ಜಿ ಈಗ ಅವಳು ಹಿತ್ತಿಲಿನಿಂದ ಬರುವುದು ತಡವಾದರೆ ನನ್ನನ್ನು ಕಳಿಸಿ ಕರೆಸುತ್ತಿದ್ದಳು.

ಪೇಟಿ ಮಾಸ್ತರ ತಪ್ಪಿತಸ್ಥನಲ್ಲವೆಂದು ಕಥೆಯಲ್ಲಿ ಗೊತ್ತಾದ ದಿನ ಅಜ್ಜಿಗೆ ಬಹಳ ಬೇಸರವಾಯಿತು. ಮೊರ ಕುಟ್ಟಿ ಕೆಳಗಿಟ್ಟು, ಹಾಗಾದರೆ ಅದು ತಾಯಿಯೇ ಎಂದಳು. ಮಗಳು ಸತ್ತರೆ ಅಳದವಳು ಎಂಥ ತಾಯಿ ಎಂದಳು. ಹೇಳುವಾಗ ಅವಳಿಗೆ ನಮ್ಮ ಮನೆಯ ನೆನಪು ಇರಲಿಲ್ಲ, ಕಥೆಯಲ್ಲಿ ಮುಳುಗಿದ್ದಳು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅವ್ವ ತೆಳ್ಳಗೆ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಅದರ ಮೇಲೆ ನೀರು ಸವರಿದಳು.

"ಅಕಿ ಅಲ್ಲ."

ದನಿ ಒಡೆದಿತ್ತು, ಬಹಳ ದಿನ ಬಳಸದ ಬಾಗಿಲಿನ ಹಾಗೆ. ನಾನು ಪುಸ್ತಕ ಬಿಟ್ಟು ಅವಳನ್ನು ನೋಡಿದೆ. ಅಜ್ಜಿಯ ಕೈ ಅಕ್ಕಿಯೊಳಗೇ ನಿಂತಿತು. ಚಂದ್ರಕ್ಕನೊಬ್ಬಳೇ ಏನೂ ಆಗಿಲ್ಲವೆಂಬಂತೆ, ದಿನಾ ಮಾತಾಡುವವರನ್ನು ಕೇಳಿದ ಹಾಗೆ ಕೇಳಿದಳು:

"ಯಾಕಲ್ಲ ನೀಲವ್ವಾ?"

"ಅಳಲಿಲ್ಲಂತ ಅಕಿನ್ನ ಹಿಡದ್ರ ಹೆಂಗ? ಅಳು ಬರಬೇಕಲ್ಲ. ಬರಲಿಲ್ಲಂದ್ರ ಅಕಿ ಏನ ಮಾಡ್ಯಾಳು?"

ಅಷ್ಟು ಹೇಳಿ ಅವ್ವ ರೊಟ್ಟಿ ತಿರುವಿ ಹಾಕಿದಳು. ಅಜ್ಜಿ ಮೊರ ಎತ್ತಿಕೊಂಡು ಪಡಸಾಲೆಗೆ ಹೋದಳು. ಸಂಜೆ ಅಪ್ಪನಿಗೆ ನಾನೇ ಓಡಿಹೋಗಿ ಹೇಳಿದೆ. ಅವರು ಕಟ್ಟೆಯ ಮೇಲೆ ಕುಳಿತು, ಅವ್ವ ಏನು ಅಂದಳೆಂದು ಮತ್ತೆ ಮತ್ತೆ ಹೇಳಿಸಿಕೊಂಡರು. ಊಟಕ್ಕೆ ಕುಳಿತಾಗ ಆ ದಿನ ಉಪ್ಪಿನ ಮಾತೆತ್ತಲಿಲ್ಲ. "ಪೇಟಿ ಮಾಸ್ತರ ಬಚಾವಾದನಂತಲ್ಲ" ಎಂದರು. ಅವ್ವ ತಲೆ ಎತ್ತಿ ಅವರನ್ನು ನೋಡಿದಳು. "ಹೂಂ" ಎಂದಳು. ಅಪ್ಪ ಅಂದು ಒಂದು ರೊಟ್ಟಿ ಹೆಚ್ಚಿಗೆ ಉಂಡರು.

ಅಲ್ಲಿಂದ ಮುಂದೆ ಅವ್ವ ದಿನಕ್ಕೆ ಎರಡು ಮಾತು ಆಡತೊಡಗಿದಳು, ಎಲ್ಲ ಆ ಕಥೆಯದೇ. ಬಟ್ಟಲು ಯಾರು ತೊಳೆದರು, ಹಾಲು ಎಲ್ಲಿ ಇಟ್ಟಿತ್ತು ಎಂದು ಕೇಳುವಳು. ತಾಯಿಯ ಮಾತು ಬಂದರೆ ಮಾತ್ರ ಕೈ ತಡೆದು ಕೂರುವಳು. ಕೊನೆಯ ಅಧ್ಯಾಯದ ದಿನ ಅವ್ವ ರೊಟ್ಟಿಯ ಕೆಲಸ ಬೇಗ ಮುಗಿಸಿ, ಮೊದಲ ಸಲ ನಮ್ಮ ಕಡೆ ಮುಖ ಮಾಡಿ ಕುಳಿತಳು. ಅಜ್ಜಿ ದೇವರಮನೆಯ ಬಾಗಿಲಲ್ಲಿದ್ದಳು. ಪತ್ತೇದಾರ ಎಲ್ಲರನ್ನೂ ಬಣ್ಣದ ಕೋಣೆಯಲ್ಲಿ ಸೇರಿಸಿದ್ದ. 'ಕೊಲೆಗಾರರು ಈ ಕೋಣೆಯಲ್ಲೇ ಇದ್ದಾರೆ' ಎಂದು ಅವನು ಹೇಳುವಲ್ಲಿಗೆ ಬಂದಿದ್ದೆ. ಬಾಯಿ ಒಂದು ಸಾಲು ಓದುತ್ತಿದ್ದರೆ ಕಣ್ಣು ಮುಂದಿನ ಸಾಲಿಗೆ ಓಡುವುದು ನನ್ನ ಅಭ್ಯಾಸ. ಕಣ್ಣು ಓಡಿತು. ತಾಯಿಯೇ ವಿಷ ಹಾಕಿದ್ದಳು. ತನ್ನ ಪಾತ್ರಗಳೆಲ್ಲ ಮಗಳ ಪಾಲಾದವೆಂಬ ಹೊಟ್ಟೆಕಿಚ್ಚಿಗೆ. 'ಅಳದಿದ್ದಾಗಲೇ ನನಗೆ ತಿಳಿದಿತ್ತು' ಎಂದು ಪತ್ತೇದಾರ ನಗುತ್ತಿದ್ದ.

ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳಿಗೂ ಓದು ಬರುತ್ತಿರಲಿಲ್ಲ, ಅಜ್ಜಿಗೂ ಬರುತ್ತಿರಲಿಲ್ಲ. ಆ ಅಡುಗೆಮನೆಯಲ್ಲಿ ಆ ಸಾಲು ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡೆ. ಇದನ್ನು ಓದಬಾರದು ಎಂದಷ್ಟೇ ಅನ್ನಿಸಿತು, ಮುಂದಿನದು ಹೊಳೆಯಲಿಲ್ಲ. ಪುಟದ ಮೇಲೆ ಬೆರಳಿಟ್ಟುಕೊಂಡು, ಓದುವ ದನಿಯಲ್ಲೇ ಹೇಳಿದೆ: ಪತ್ತೇದಾರ ತಾಯಿಯ ಹತ್ತಿರ ಹೋದ. ಕೈ ಮುಗಿದ. 'ಅಮ್ಮಾ, ನಿಮ್ಮ ಮೇಲೆ ಸಂಶಯಪಟ್ಟೆ. ಅಳದವರಿಗೂ ದುಃಖ ಇರುತ್ತದೆ ಎಂದು ನನಗೆ ತಿಳಿಯಲಿಲ್ಲ, ಕ್ಷಮಿಸಿ' ಎಂದ.

"ಮತ್ತ ಯಾರು ಕೊಂದಾಂವ?" ಎಂದಳು ಅಜ್ಜಿ.

ಯಾರು? ಕಥೆಯಲ್ಲಿ ಇನ್ನೂ ಯಾರ ಸಂಶಯಕ್ಕೂ ಬೀಳದವನು ಒಬ್ಬನೇ ಇದ್ದ, ಪರದೆಯ ಮರೆಯಲ್ಲಿ ನಿಂತು ಮಾತು ಹೇಳಿಕೊಡುವ ಪ್ರಾಂಪ್ಟರ್. ಅವನೇ ಎಂದೆ. ಯಾಕೆ ಕೊಂದ ಎಂದು ಹೇಳಬೇಕಲ್ಲ, ತಡವರಿಸಿದೆ. ಪುಟ ತಿರುವಿದೆ, ಮತ್ತೆ ತಿರುವಿದೆ. ಆಗ ಚಂದ್ರಕ್ಕ ಎದ್ದು ನಿಂತಳು. ಬೆನ್ನು ಬಾಗಿಸಿದಳು, ಕೈ ಹೊಸೆದಳು, ನೋಡನೋಡುತ್ತ ಪ್ರಾಂಪ್ಟರ್ ಆದಳು.

"ಹೌದ್ರಿ ಸಾಹೇಬ್ರ, ನಾನ. ಹಗಲೂ ರಾತ್ರಿ ಇವರ ಬಾಯಿಗೆ ಮಾತು ಕೊಟ್ಟಾಂವ ನಾನು. ಜನ ಚಪ್ಪಾಳಿ ಹೊಡದದ್ದು ಅವರಿಗೆ. ನನ್ನ ಹೆಸರು ಒಂದ ದಿನಾರ ಹ್ಯಾಂಡಬಿಲ್ಲಿನ್ಯಾಗ ಬಂತೇನ್ರಿ?"

ಅಜ್ಜಿ ಬೆರಗಾಗಿ ನೋಡುತ್ತಿದ್ದಳು. ನಾನು ಅವ್ವನನ್ನು ನೋಡಿದೆ. ಅವಳು ಪ್ರಾಂಪ್ಟರನ ಮಾತನ್ನು ಕೇಳುತ್ತಲೇ ಇರಲಿಲ್ಲ. ಕೈ ಮುಗಿದ ಪತ್ತೇದಾರನ ಹತ್ತಿರವೇ ನಿಂತುಬಿಟ್ಟಿದ್ದಳು. ಮೊದಲು ಅವಳ ಗದ್ದ ನಡುಗಿತು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆದರೂ ದನಿ ಹೊರಗೆ ಬಂತು. ಬಸುವಿನ ಹೆಸರು ಹಿಡಿದು ಅತ್ತಳು. ನಾನು ಹೆದರಿ ಪುಸ್ತಕ ಬಿಟ್ಟು ಓಡಿಹೋಗಿ ಅವಳನ್ನು ತಬ್ಬಿಕೊಂಡೆ. ಅಜ್ಜಿ ಎದ್ದು ಬಂದಳು. ಮೊಣಕಾಲು ನೋವೆಂದು ಅಡುಗೆಮನೆಯಲ್ಲಿ ಕೂರುವುದನ್ನು ಎಂದೋ ಬಿಟ್ಟಿದ್ದವಳು ಗೋಡೆ ಹಿಡಿದು ಮೆಲ್ಲಗೆ ಅವ್ವನ ಪಕ್ಕದಲ್ಲಿ ಕುಳಿತಳು.

"ನಾನೂ ಅಂದಿದ್ದೆ ನೀಲಾ. ಅನಬಾರದಿತ್ತು."

ಅವ್ವ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು. ಅಜ್ಜಿ ಅವಳ ಬೆನ್ನು ಸವರುತ್ತ ತಾನೂ ಅತ್ತಳು. ಚಂದ್ರಕ್ಕ ಕೆಳಗೆ ಬಿದ್ದಿದ್ದ ಪುಸ್ತಕ ಎತ್ತಿಕೊಂಡು, ನನ್ನ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದಳು. ಅಲ್ಲಿ ನನ್ನ ಮುಖ ತೊಳೆದಳು.

ಮಳೆ ಹಿಡಿಯುವ ಮೊದಲು ಕಂಪನಿ ಹಿರೇಕೆರೂರಿಗೆ ಹೋಯಿತು. ಹೊರಡುವ ದಿನ ಅವ್ವ ಚಂದ್ರಕ್ಕನಿಗೆ ಎಳ್ಳು ಹಚ್ಚಿದ ಗರಿಗರಿ ಕಟಕ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟಳು. ಅಜ್ಜಿ ಉಡಿ ತುಂಬಿದಳು. ಕೋಣೆ ಖಾಲಿಯಾದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಕೆಲವು ವಾರ ಕಳೆದ ಮೇಲೆ ಅವ್ವ ತಾನಾಗಿಯೇ ಅಪ್ಪನನ್ನು ಕೇಳಿದಳು:

"ಹಂಸಭಾವಿಗೆ ಹೋಗಿ ಬರ್ತೇನ್ರಿ. ಅಲ್ಲಿಂದ ಹಿರೇಕೆರೂರು ಹತ್ರ. ಚಂದ್ರಕ್ಕನ ಆಟಾ ನೋಡಬೇಕು."

ಅಪ್ಪ ಬೇಡವೆನ್ನುವುದುಂಟೆ? ಅಜ್ಜಿ, ತಾನೂ ಬರುತ್ತೇನೆ ಎಂದಳು. ಭಾನುವಾರ ಮಧ್ಯಾಹ್ನದ ಆಟ. ಮುಂದಿನ ಸಾಲಿನಲ್ಲಿ ನಾವು ಮೂವರು. ಚಂದ್ರಕ್ಕ ಸೊಸೆಯ ಕೂದಲು ಹಿಡಿದು ಎಳೆಯುತ್ತಿದ್ದರೆ ಜನ ಶಾಪ ಹಾಕುತ್ತಿದ್ದರು. ನಮ್ಮ ಹಿಂದೆ ಕುಳಿತ ಹೆಂಗಸು ಇವಳ ಕೈ ಸೇದಿಹೋಗಲಿ ಎಂದದ್ದಕ್ಕೆ ಅಜ್ಜಿ ತಿರುಗಿ, ಅವಳು ಬಹಳ ಒಳ್ಳೆಯವಳು, ನಮ್ಮ ಮನೆಯಲ್ಲೇ ಇದ್ದವಳು ಎಂದು ಜಗಳಕ್ಕೆ ಹೋದಳು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆಟ ಮುಗಿದ ಮೇಲೆ ನನ್ನನ್ನು ಬಣ್ಣದ ಕೋಣೆಗೆ ಕರೆದರು. ಚಂದ್ರಕ್ಕ ಕೊಬ್ಬರಿ ಎಣ್ಣೆಯಿಂದ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಕನ್ನಡಿಯಲ್ಲೇ ನನ್ನನ್ನು ನೋಡಿ ಮೆಲ್ಲಗೆ ಹೇಳಿದಳು:

"ಆ ಪುಸ್ತಕ ನಾ ಸವಣೂರಾಗ ಒಮ್ಮಿ ಓದಿಸಿದ್ದೆ."

ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತು.

"ಕಡೀಕ ಹಂಗಾಗತೈತಿ ಅಂತ ಗೊತ್ತಿದ್ರೂ ನಿಮ್ಮ ಮನ್ಯಾಗ ಓದಾಕ ಕೊಟ್ಟೆ. ನಿಮ್ಮವ್ವ ಅತ್ತಿಲ್ಲನ್ನೂದು ಆಗ ಗೊತ್ತಿರಲಿಲ್ಲ. ನಿಮ್ಮವ್ವ ಅಕಿ ಅಲ್ಲ ಅಂದ ದಿನಾ ನನ್ನ ಎದಿ ಒಡದಿತ್ತು. ಪುಸ್ತಕ ಕಳೀತು ಅಂತ ಹೇಳಬೇಕಂತ ಮಾಡಿದ್ದೆ. ಅಕಿ ನೋಡಿದ್ರ ಕಡೀಕೇನಾತು ಕಡೀಕೇನಾತು ಅಂತ ಕುಂತಿದ್ಲು. ನೀ ಬಚಾವ ಮಾಡಿದಿ ನನ್ನ."

ಆಮೇಲೆ ಬಟ್ಟೆ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ನಿನ್ನ ಕಥಿನ ಚಲೋ ಇತ್ತು. ಆದ್ರ ಆ ಪ್ರಾಂಪ್ಟರಗ ಮೊದಲ ಎಲ್ಲ್ಯರ ಒಂದೀಟು ಸಿಟ್ಟು ಬರಿಸಬೇಕಿತ್ತು. ಹಂಗ ತಂದು ನಿಂದ್ರಿಸಿಬಿಟ್ಟಿ, ನನಗ ಮಾಡಾಕ ತ್ರಾಸ ಆತು. ಮುಂದ ಬರಿಯೂ ಮುಂದ ನೆನಪಿಟ್ಕೋ."

ಮುಂದೆ ಬರೆಯುವಾಗ ಎಂದಿದ್ದಳು. ನಾನು ಬರೆಯುವವಳು ಎಂದು ಅದುವರೆಗೆ ನನಗೇ ಗೊತ್ತಿರಲಿಲ್ಲ. ಅವಳು ಅದನ್ನು ಹೊಸ ಸುದ್ದಿ ಎಂಬಂತೆ ಹೇಳಲೂ ಇಲ್ಲ. ನಾನು ಬರೆದ ಎಲ್ಲ ಪುಸ್ತಕಗಳಲ್ಲೂ ಕೊಲೆಗಾರನ ಸಿಟ್ಟಿಗೆ ಮೊದಲ ಪುಟಗಳಲ್ಲೇ ಜಾಗ ಮಾಡಿಕೊಡುತ್ತೇನೆ. ಅಳದವರನ್ನು ಮಾತ್ರ ಯಾವ ಪತ್ತೇದಾರನ ಕೈಗೂ ಕೊಟ್ಟಿಲ್ಲ.

ಆ ರಾತ್ರಿ ಹಂಸಭಾವಿಯಲ್ಲಿದ್ದು ಮರುದಿನ ಬೆಳಿಗ್ಗೆ ಹಾನಗಲ್ಲಿನ ಬಸ್ಸು ಹತ್ತಿದೆವು. ಕಿಟಕಿಗೆ ನಾನು, ನಡುವೆ ಅವ್ವ, ಈಚೆಗೆ ಅಜ್ಜಿ. ಬಸ್ಸು ಊರು ದಾಟಿದ ಮೇಲೆ ಅವ್ವ ಇದ್ದಕ್ಕಿದ್ದಂತೆ, ಬಸು ಬಸ್ಸಿನಲ್ಲಿ ಕುಳಿತರೆ ಡ್ರೈವರನ ಹಾಗೆ ಬಾಯಲ್ಲಿ ಸದ್ದು ಮಾಡುತ್ತಿದ್ದ ಎಂದಳು. ಅಜ್ಜಿ, ಹೌದು ಎಂದಳು. ಅಷ್ಟೇ ಸಾಕಾಯಿತು. ಅವನು ಹುಟ್ಟಿದ ದಿನದ ಮಳೆ, ಅವನ ಮೊದಲ ಹಲ್ಲು, ಮೊದಲ ರೊಟ್ಟಿಗೆ ಅವನು ತೆಗೆಯುತ್ತಿದ್ದ ತಕರಾರು, ಹುಬ್ಬಳ್ಳಿಗೆ ಹೋಗುವಾಗ ಅಪ್ಪನ ಹೆಗಲ ಮೇಲಿಂದ ಅವ್ವನ ಕಡೆಗೆ ಅವನು ಬೀಸಿದ ಕೈ, ಎಲ್ಲವನ್ನೂ ಹೇಳುತ್ತ ಬಂದಳು. ಕಣ್ಣೀರು ಬಂದಾಗ ಒರೆಸಿಕೊಂಡಳು, ನಗು ಬಂದಾಗ ನಕ್ಕಳು, ಮಾತು ಮಾತ್ರ ನಿಲ್ಲಿಸಲಿಲ್ಲ. ಹಾನಗಲ್ಲಿನ ನಿಲ್ದಾಣದಲ್ಲಿ ಬಸ್ಸು ನಿಂತಿತು, ಜನರೆಲ್ಲ ಇಳಿದರು. ನಾವು ಮೂವರೇ ಉಳಿದೆವು. ಕಂಡಕ್ಟರ್ ಬಂದು, ಇಳಿಯಿರಿ, ಊರು ಬಂತು ಎಂದ. ನಾನು ಏಳಲು ಹೋದೆ. ಅಜ್ಜಿ ಅವ್ವನ ಮೇಲಿಂದ ಕೈ ಚಾಚಿ ನನ್ನನ್ನು ಕೂರಿಸಿದಳು. ಕಂಡಕ್ಟರನ ಕಡೆ ತಿರುಗಿ, ಮನೆಗೆ ಬಂದವರಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು:

"ಒಂದೀಟು ತಡಿಯಪಾ. ನಮ್ಮ ಸೊಸಿ ಮಾತಾಡಾಕತ್ತಾಳ."